ತೊಟ್ಟಿಕ್ಕಲಿ ಬಿಡಿ, ಅತ್ತೆ

ಶಿಕಾಗೊ ಆಸುಪಾಸಿನ ಕನ್ನಡದವರ ಮನೆಗಳಲ್ಲಿ ಚಳಿಗಾಲಕ್ಕೆ ನೀರಿನ ಪೈಪು ಒಡೆದರೆ ಅದಕ್ಕೆ ಕಾರಣ ನಮ್ಮ ಸದ್ಗುಣಗಳು. ನಗಬೇಡಿ, ಲೆಕ್ಕ ಕೊಡುತ್ತೇನೆ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಮಲಗಿದ್ದವರೂ ಎದ್ದು ಹೋಗಿ ಬಿಗಿಯಾಗಿ ತಿರುಗಿಸಿ ಬರುತ್ತೇವೆ. ಅಡುಗೆಮನೆಯ ಕಪಾಟಿನ ಬಾಗಿಲು ತೆರೆದಿದ್ದರೆ ಕಾಲಲ್ಲಾದರೂ ತಳ್ಳಿ ಮುಚ್ಚುತ್ತೇವೆ. ಮನೆಯಲ್ಲಿ ಯಾರೂ ಇಲ್ಲದಾಗ ಹೀಟಿಂಗ್ ಉರಿಯುತ್ತಿದ್ದರೆ ನಮಗೆ ಹೊಟ್ಟೆ ಉರಿಯುತ್ತದೆ. ಮಕ್ಕಳಿಗೆ ಡಿಸೆಂಬರ್ ರಜೆ ಬಂತೆಂದರೆ ಊರಿಗೆ ಹೋಗಿ ಅಪ್ಪ ಅಮ್ಮನ ಮುಖ ನೋಡಿಕೊಂಡು ಬರುತ್ತೇವೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಒಳ್ಳೆಯ ಗುಣವೇ. ಇವಿಷ್ಟನ್ನೂ ಒಂದೇ ಚಳಿಗಾಲದಲ್ಲಿ ಮಾಡಿದಿರೋ, ನೀವು ಬಸವನಗುಡಿಯಲ್ಲಿ ಅವರೆಕಾಳು ಹಿದುಕುತ್ತಾ ಕೂತಿರುವಾಗ ಇಲ್ಲಿ ನಿಮ್ಮ ಮಹಡಿಯ ಬಾತ್‌ರೂಮಿನಿಂದ ಕೆಳಗಿನ ಸೋಫಾದ ಮೇಲೆ ನೀರು ಸುರಿಯುತ್ತಿರುತ್ತದೆ.

ನಮ್ಮನ್ನೂ ಬಯ್ಯುವ ಹಾಗಿಲ್ಲ. ನಾವು ಬೆಳೆದದ್ದು ನೀರು ಬರುವುದಿಲ್ಲ ಎಂಬ ಭಯದಲ್ಲಿ. ವಾಲ್ವ್‌ಮನ್ ಯಾವಾಗ ಬೀದಿಯ ವಾಲ್ವ್ ತಿರುಗಿಸುತ್ತಾನೋ ಎಂದು ಕಾಯುತ್ತಾ, "ಬಂತು ಬಂತು" ಎಂಬ ಕೂಗಿಗೆ ಬಿಂದಿಗೆ, ಬಕೆಟ್ಟು, ಹಂಡೆ ಎಲ್ಲವನ್ನೂ ಸಾಲಾಗಿ ಇಟ್ಟವರು. ನೀರು ಗಟ್ಟಿಯಾಗಿಬಿಡಬಹುದು ಎಂಬ ಭಯ ನಮ್ಮ ಪಂಚಾಂಗದಲ್ಲೇ ಇಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಶಿಕಾಗೊದಲ್ಲಿ ಜನವರಿಯಲ್ಲಿ ಅಷ್ಟು ಏರಿದರೆ ಜನ ಅರ್ಧ ಚಡ್ಡಿ ಹಾಕಿಕೊಂಡು ನಾಯಿಯನ್ನು ವಾಕಿಂಗ್ ಕರೆದೊಯ್ಯುತ್ತಾರೆ. 2019ರ ಜನವರಿ 30ರ ಬೆಳಗ್ಗೆ ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ಇತ್ತು. ಸೆಲ್ಸಿಯಸ್ಸಿನಲ್ಲಿ ಹೇಳಬೇಕೆಂದರೆ ಮೈನಸ್ 30 ದಾಟಿತ್ತು. ಅಂಚೆಯವರು ಬಟವಾಡೆ ನಿಲ್ಲಿಸಿದರು. ರೈಲಿನವರು ಹಳಿಗಳ ಕೂಡುವ ಜಾಗದಲ್ಲಿ ಗ್ಯಾಸ್ ಉರಿ ಹಚ್ಚಿದರು. ಆ ಫೋಟೋ ನೋಡಿ ನಮ್ಮತ್ತೆ ಮೈಸೂರಿನಿಂದ ಫೋನ್ ಮಾಡಿ, "ಅಲ್ಲಿ ರೈಲಿಗೂ ಒಲೆ ಹಚ್ತಾರಂತೆ, ನಿಮ್ಮನೇಲಿ ಬಿಸಿನೀರಾದ್ರೂ ಬರ್ತಿದ್ಯೇನೇ?" ಎಂದು ಕೇಳಿದ್ದರು.

ಬರುತ್ತಿತ್ತು. ಆದರೆ ಅದು ಬರುವ ಹಾಗೆ ಇಟ್ಟುಕೊಳ್ಳುವುದಕ್ಕೆ ಅಕ್ಟೋಬರಿನಿಂದಲೇ ಏನೆಲ್ಲ ನಾಟಕ ನಡೆಯುತ್ತದೆ ಎಂಬುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ.

ಮೊದಲನೆಯ ಅಂಕ ಹಿತ್ತಲಿನದು. ಬೇಸಿಗೆಯಲ್ಲಿ ನಮ್ಮವರೆಲ್ಲ ಹೀರೆ, ಬದನೆ, ಮೆಂತ್ಯ ಅಂತ ಕೈತೋಟ ಮಾಡುತ್ತಾರೆ. ಅದಕ್ಕೆ ಹೊರಗೋಡೆಯ ನಲ್ಲಿಗೆ ಉದ್ದನೆಯ ಹೋಸ್ ಸಿಕ್ಕಿಸಿರುತ್ತಾರೆ. ಅಕ್ಟೋಬರಿನಲ್ಲಿ ಇವತ್ತು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ ಎಂಬ ಸುದ್ದಿ ಬಂದ ಕೂಡಲೇ ಇಡೀ ಸಂಸಾರ ಹಿತ್ತಲಿಗೆ ಓಡುತ್ತದೆ. ಓಡುವುದು ಕರಿಬೇವಿನ ಕುಂಡಕ್ಕಾಗಿ. ಇಬ್ಬರು ಹಿಡಿದು, ಒಬ್ಬರು ಬಾಗಿಲು ತೆರೆದು, ಸಕಲ ಮರ್ಯಾದೆಗಳೊಂದಿಗೆ ಅದನ್ನು ಒಳಗೆ ತಂದು, ದಕ್ಷಿಣದ ಕಿಟಕಿಯ ಪಕ್ಕ ಕೂರಿಸುತ್ತಾರೆ. ಹಿಂದೆಯೇ ತುಳಸಿ. ಕನ್ನಡ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ "ನಿಮ್ಮ ಕರಿಬೇವು ಒಳಗೆ ಬಂತಾ?" ಎಂದು ನೂರು ಸಂದೇಶ. ಹೋಸ್ ಬಿಚ್ಚಿದಿರಾ ಎಂದು ಕೇಳಿದವರು ಒಬ್ಬರಾದರೂ ಇದ್ದರೆ ತೋರಿಸಿ! ಆ ಹೋಸು ಹಿಮ ಬಿದ್ದು ಮುಚ್ಚಿಹೋಗುವವರೆಗೂ ನಲ್ಲಿಗೆ ಅಂಟಿಕೊಂಡೇ ಇರುತ್ತದೆ.

ಇದರಲ್ಲೊಂದು ಮೋಸವಿದೆ. ಇಲ್ಲಿನ ಹೊಸ ಮನೆಗಳ ಹೊರಗೆ ಇರುವುದು ಹೆಪ್ಪುಗಟ್ಟದ ನಲ್ಲಿ, ಅಂದರೆ ಫ್ರಾಸ್ಟ್‌ಫ್ರೀ. ಹಿಡಿ ಹೊರಗಿರುತ್ತದೆ, ನೀರನ್ನು ತಡೆಯುವ ವಾಷರ್ ಮಾತ್ರ ಒಂದಡಿಯಷ್ಟು ಒಳಗೆ, ಮನೆಯ ಬೆಚ್ಚನೆಯ ಭಾಗದಲ್ಲಿರುತ್ತದೆ. ನಲ್ಲಿ ನಿಲ್ಲಿಸಿದ ಮೇಲೆ ಮಧ್ಯದ ಕೊಳವೆಯಲ್ಲಿ ಉಳಿದ ನೀರು ಹೊರಗೆ ಹರಿದು ಹೋಗಲಿ ಎಂದೇ ಅದನ್ನು ಹೊರಗಡೆಗೆ ಕೊಂಚ ಇಳಿಜಾರಾಗಿ ಕೂರಿಸಿರುತ್ತಾರೆ. ಬಹಳ ಜಾಣತನದ ವ್ಯವಸ್ಥೆ. ಹೋಸ್ ಸಿಕ್ಕಿಸಿಟ್ಟರೆ ಮಾತ್ರ ಆ ಜಾಣತನ ಮಣ್ಣುಪಾಲು: ನೀರಿಗೆ ಹೊರದಾರಿಯಿಲ್ಲ, ಅಲ್ಲೇ ಹೆಪ್ಪುಗಟ್ಟುತ್ತದೆ, ಕೊಳವೆ ಗೋಡೆಯೊಳಗೇ ಸೀಳುತ್ತದೆ. ಕೆಟ್ಟ ಸಂಗತಿಯೆಂದರೆ ಆಗ ಏನೂ ಗೊತ್ತಾಗುವುದಿಲ್ಲ. ಸೀಳಿರುವುದು ವಾಷರಿನ ಆಚೆ ಬದಿ. ನಲ್ಲಿ ಮುಚ್ಚಿರುವವರೆಗೆ ಅಲ್ಲಿಗೆ ನೀರೇ ಬರುವುದಿಲ್ಲ. ಏಪ್ರಿಲಿನಲ್ಲಿ ಮೆಂತ್ಯದ ಮಡಿಗೆ ನೀರು ಬಿಡಲು ತಿರುಗಿಸಿದಾಗ ಹೊರಗೆ ಅರ್ಧ, ಬೇಸ್‌ಮೆಂಟಿಗೆ ಅರ್ಧ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಪೋಲಿಷ್ ಅಜ್ಜ ಇದ್ದಾರೆ. ಶಿಕಾಗೊದಲ್ಲಿ ಪೋಲೆಂಡಿನವರಿಗೇನು ಬರವೇ? ಅಕ್ಟೋಬರ್ ಬಂತೆಂದರೆ ಬೇಲಿಯ ಆಚೆಯಿಂದ ಅವರು ಒಂದೇ ಒಂದು ಪದ ಕೂಗುತ್ತಾರೆ: "ಹೋಸ್!" ನಮಸ್ಕಾರವಿಲ್ಲ, ಚೆನ್ನಾಗಿದ್ದೀರಾ ಇಲ್ಲ. ನಮ್ಮ ಮನೆಯವರು ಕರಿಬೇವಿನ ಕುಂಡ ಹಿಡಿದುಕೊಂಡೇ "ಯಸ್ ಯಸ್" ಅನ್ನುತ್ತಾರೆ. ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಇದ್ದವರ ಮನೆಗೆ ಇದೇ ಹೊತ್ತಿಗೆ ಒಬ್ಬ ಕಂಪ್ರೆಸರ್ ತಂದು, ನೆಲದಡಿಯ ಕೊಳವೆಗಳಲ್ಲಿ ಗಾಳಿ ಊದಿ, ಒಳಗಿದ್ದ ನೀರನ್ನೆಲ್ಲ ಚಿಮ್ಮಿಸಿ ಹೋಗುತ್ತಾನೆ. ಊರಿನ ನೀರಿನ ಪೈಪನ್ನು ನೆಲದ ಮಂಜು ಇಳಿಯುವ ಆಳಕ್ಕಿಂತ ಕೆಳಗೆ ಹೂಳಿರುತ್ತಾರೆ. ಶಿಕಾಗೊದಲ್ಲಿ ಕಟ್ಟುವವರು ಹಿಡಿಯುವ ಲೆಕ್ಕ 42 ಇಂಚು. ಸ್ಪ್ರಿಂಕ್ಲರಿನ ಕೊಳವೆ ಇರುವುದು ಗೇಣುದ್ದದ ಆಳದಲ್ಲಿ, ಹಾಗಾಗಿ ಅದಕ್ಕೆ ಈ ಊದುವಿಕೆ.

ಹೊರಗಿನ ನಲ್ಲಿ ಹಳೆಯ ಕಾಲದ್ದಾಗಿದ್ದರೆ ಅದಕ್ಕೆ ಹೋಗುವ ಕೊಳವೆಯನ್ನು ಮನೆಯೊಳಗಿನಿಂದಲೇ ಮುಚ್ಚಬೇಕು. ಅದಕ್ಕೊಂದು ವಾಲ್ವ್ ಬೇಸ್‌ಮೆಂಟಿನಲ್ಲಿರುತ್ತದೆ. ಇಡೀ ಮನೆಯ ನೀರು ನಿಲ್ಲಿಸುವ ಮುಖ್ಯ ವಾಲ್ವೂ ಅಲ್ಲೇ, ಮೀಟರಿನ ಪಕ್ಕ. ಎಲ್ಲಿ ಅಂತ ಮನೆಯ ಗಂಡಸರನ್ನು ಕೇಳಿ ನೋಡಿ, ಮಜಾ ಇರುತ್ತದೆ. ನಮ್ಮ ಮನೆಯವರು ಕೆಲಸದಲ್ಲಿ ಯಾವುದೋ ದೇಶದಲ್ಲಿರುವ ಸರ್ವರನ್ನು ಇಲ್ಲಿಂದಲೇ ನಿಲ್ಲಿಸಬಲ್ಲರು, ಚಾಲೂ ಮಾಡಬಲ್ಲರು. ತಮ್ಮದೇ ಮನೆಯ ನೀರು ನಿಲ್ಲಿಸಲು ಹೇಳಿದರೆ ಫರ್ನೇಸಿನ ಸುತ್ತ ಟಾರ್ಚ್ ಹಿಡಿದು ಪ್ರದಕ್ಷಿಣೆ ಹಾಕುತ್ತಾರೆ. ಅವರನ್ನೊಬ್ಬರನ್ನೇ ಆಡಿಕೊಳ್ಳಲಾರೆ. ಕೂಟದ ಗಂಡಸರ ಪೈಕಿ ಮುಕ್ಕಾಲು ಜನ ಅದೇ ಮಠದ ಶಿಷ್ಯರು.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನೂ ಹೇಳಬೇಕು. ನವರಾತ್ರಿ ಮುಗಿಯುವುದು ಅಕ್ಟೋಬರಿನ ಹೊತ್ತಿಗೆ. ಪಟ್ಟದ ಗೊಂಬೆ, ದಶಾವತಾರ, ಚನ್ನಪಟ್ಟಣದ ಸೆಟ್ಟಿ ದಂಪತಿ, ಮೆಟ್ಟಿಲಿನ ಹಲಗೆ, ದೀಪದ ಸರ ಎಲ್ಲವೂ ಹಳೆಯ ಪತ್ರಿಕೆಯಲ್ಲಿ ಸುತ್ತಿಸಿಕೊಂಡು, ಡಬ್ಬಿಗಳಲ್ಲಿ ಕೂತು, ಬೇಸ್‌ಮೆಂಟಿಗೆ ಇಳಿಯುತ್ತವೆ. ಅಲ್ಲಿ ಗೋಡೆಗೆ ಒತ್ತಿ ಒಂದರ ಮೇಲೊಂದು ಪೇರಿಸುವ ಜಾಗ ಯಾವುದು? ಎಲ್ಲರ ಮನೆಯಲ್ಲೂ ಅದೇ, ಮೀಟರ್ ಇರುವ ಮೂಲೆ! ಚಳಿಗಾಲ ಶುರುವಾಗುವ ಹೊತ್ತಿಗೆ ಸರಿಯಾಗಿ ಮುಖ್ಯ ವಾಲ್ವಿನ ಮುಂದೆ ಸಾಕ್ಷಾತ್ ಚಾಮುಂಡೇಶ್ವರಿಯನ್ನು ಕಾವಲಿಗೆ ನಿಲ್ಲಿಸಿರುತ್ತೇವೆ. ಪೈಪು ಒಡೆದ ದಿನ ದೇವಿಯನ್ನು ಪಕ್ಕಕ್ಕೆ ಸರಿಸಿ, ವಿಷ್ಣುವನ್ನು ಕೆಳಗಿಳಿಸಿ, ಕೈ ಒಳಗೆ ಹಾಕುವಷ್ಟರಲ್ಲಿ ಹಲವು ಹಂಡೆ ನೀರು ಇಳಿದಿರುತ್ತದೆ. ಆದ್ದರಿಂದ ಡಬ್ಬಿಗಳನ್ನು ಬೇರೆ ಗೋಡೆಗೆ ಪೇರಿಸಿ. ವಾಲ್ವಿಗೆ ಒಂದು ಕೆಂಪು ದಾರ ಕಟ್ಟಿ. ವರ್ಷಕ್ಕೊಂದೆರಡು ಸಲ ಅದನ್ನು ಮುಚ್ಚಿ ತೆರೆದು ನೋಡಿ. ತಿರುಗಿಸದೇ ಬಿಟ್ಟ ವಾಲ್ವ್ ಬೇಕಾದ ದಿನ ಜಗ್ಗುವುದಿಲ್ಲ.

ಎರಡನೆಯ ಅಂಕಕ್ಕೆ ಅತ್ತೆಯ ಪ್ರವೇಶ. ಒಂದು ಚಳಿಗಾಲ ಅವರು ಇಲ್ಲೇ ಇದ್ದರು. ಬಂದ ಮೊದಲ ದಿನವೇ ತಾರಸಿಯ ಮೇಲೆ ಟ್ಯಾಂಕ್ ಎಲ್ಲಿ ಎಂದು ಹುಡುಕಿದರು. ಇಲ್ಲವೆಂದೆ. ಸಂಪಾದರೂ ಇದೆಯೇ ಎಂದರು. ಇದೆಯೆಂದೆ, ಬೇಸ್‌ಮೆಂಟಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. ನೆಲದಡಿ ಒಸರುವ ನೀರು ಅದರಲ್ಲಿ ಸೇರುತ್ತದೆ, ಪಂಪು ಅದನ್ನು ಹಿತ್ತಲಿಗೆ ಎಸೆಯುತ್ತದೆ ಎಂದು ವಿವರಿಸಿದೆ. "ಬಂದ ನೀರನ್ನ ಆಚೆಗೆ ಚೆಲ್ಲೋಕೆ ಮೋಟರ್ ಇಟ್ಟಿದೀರಾ!" ಎಂದು ಅವರು ಅಲ್ಲಿದ್ದ ಕುರ್ಚಿಯಲ್ಲಿ ಕೂತುಬಿಟ್ಟರು. ಆ ಪಂಪಿನ ಹೊರಗಿನ ಕೊಳವೆ ಹಿಮಗಟ್ಟಿ ಮುಚ್ಚಿಕೊಂಡರೆ ಇನ್ನೊಂದು ರಗಳೆ. ಅದನ್ನು ಅವತ್ತು ಹೇಳಲು ಹೋಗಲಿಲ್ಲ.

ಚಳಿ ಬಿಗಿಯಾದ ರಾತ್ರಿ, ಅಡುಗೆಮನೆಯ ನಲ್ಲಿಯನ್ನು ನೂಲಿನೆಳೆಯಷ್ಟು ತೆರೆದಿಟ್ಟು ಮಲಗಿದೆ. ನಮ್ಮ ಸಿಂಕ್ ಇರುವುದು ಹೊರಗೋಡೆಗೆ, ಉತ್ತರ ದಿಕ್ಕಿಗೆ. ನಡುರಾತ್ರಿ ಎದ್ದು ನೋಡಿದರೆ ನಲ್ಲಿ ಬಿಗಿಯಾಗಿ ನಿಂತಿದೆ. ತೆರೆದೆ. ಬೆಳಗ್ಗೆ ಮತ್ತೆ ನಿಂತಿದೆ. ಕಾಫಿ ಹೊತ್ತಿಗೆ ಅತ್ತೆಯೇ ಶುರು ಮಾಡಿದರು: "ರಾತ್ರಿ ಎರಡು ಸಲ ಎದ್ದು ನಿಲ್ಲಿಸಿದೀನಿ. ಹೀಗೆ ನೀರು ಸೋರಿದ್ರೆ ಮನೇಲಿ ಲಕ್ಷ್ಮಿ ನಿಲ್ತಾಳೇನೇ?"

ಲಕ್ಷ್ಮಿ ನಿಲ್ಲಬೇಕಾದರೇ ನೀರು ಸೋರಬೇಕು ಎಂದು ಅವರನ್ನು ಒಪ್ಪಿಸಲು ನನಗೆ ವಿಜ್ಞಾನವೇ ಬೇಕಾಯಿತು. ನೀರಿನ ಸ್ವಭಾವ ವಕ್ರ. ಉಳಿದ ಪದಾರ್ಥಗಳ ಹಾಗೆ ತಣ್ಣಗಾದಂತೆ ಕುಗ್ಗುತ್ತಾ ಬರುತ್ತದೆ, ಸರಿ. 4 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ ಮನಸ್ಸು ಬದಲಿಸಿ ಹಿಗ್ಗತೊಡಗುತ್ತದೆ. ಸೊನ್ನೆಯಲ್ಲಿ ಮಂಜುಗಡ್ಡೆಯಾಗುವಾಗ ಗಾತ್ರ ಶೇಕಡ 9ರಷ್ಟು ಹೆಚ್ಚಾಗುತ್ತದೆ. ಹಿಗ್ಗಿದ ಮಂಜು ಪೈಪನ್ನು ಅಗಲವಾಗಿ ತಳ್ಳಿ ಸೀಳುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನಮ್ಮ ರಾಜ್ಯದವರೇ ಆದ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು 1990ರ ದಶಕದಲ್ಲಿ ಪೈಪುಗಳನ್ನು ಹೆಪ್ಪುಗಟ್ಟಿಸಿ, ಒಡೆಸಿ ನೋಡಿದರು. ಕಂಡದ್ದು ಬೇರೆ. ಮಂಜು ಮೊದಲು ಕೊಳವೆಯ ಒಂದು ಕಡೆ ಬಿರಡೆ ಹಾಕುತ್ತದೆ. ಆಮೇಲೆ ಉದ್ದಕ್ಕೆ ಬೆಳೆಯುತ್ತದೆ. ಬಿರಡೆಯ ಈಚೆಗಿನ ನೀರಿಗೆ ಊರಿನ ಪೈಪಿನ ಕಡೆಗೆ ಹಿಂದೆ ಸರಿಯಲು ಜಾಗವಿದೆ. ಆಚೆಯ ನೀರು ಮಾತ್ರ ಮಂಜಿಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬೀಳುತ್ತದೆ. ಮಂಜು ಬೆಳೆದಂತೆ ಅಲ್ಲಿ ಒತ್ತಡ ಏರುತ್ತದೆ, ಏರಿ ಏರಿ ಎಲ್ಲೋ ತೆಳುವಾದ ಕಡೆ ಪೈಪು ಬಿರಿಯುತ್ತದೆ. ಬಿರಿದ ಜಾಗದಲ್ಲಿ ಎಷ್ಟೋ ಸಲ ಮಂಜೇ ಇರುವುದಿಲ್ಲ.

"ಕುಕ್ಕರಿನ ವೆಯ್ಟು ಎತ್ತಿದ ಹಾಗೆ ಅತ್ತೆ" ಎಂದೆ. "ನಲ್ಲಿ ಸ್ವಲ್ಪ ಬಿಟ್ಟಿದ್ರೆ ಒತ್ತಡ ಹೊರಗೆ ಹೋಗತ್ತೆ. ಒಳಗೆ ಮಂಜು ಕಟ್ಟಿಕೊಂಡ್ರೂ ಪೈಪು ಉಳಿಯತ್ತೆ." ಕುಕ್ಕರ್ ಎಂದ ಮೇಲೆ ಅವರಿಗೆ ಅನುಮಾನ ಉಳಿಯಲಿಲ್ಲ. ಆದರೆ ಷರತ್ತು ಹಾಕಿದರು: ಬೀಳುವ ನೀರು ಮೋರಿಗೆ ಹೋಗಕೂಡದು. ಅಂದಿನಿಂದ ರಾತ್ರಿ ಸಿಂಕಿನಲ್ಲಿ ಒಂದು ದೊಡ್ಡ ಪಾತ್ರೆ, ತುಂಬಿದರೆ ಬದಲಿಸಲು ಪಕ್ಕದಲ್ಲಿ ಇನ್ನೊಂದು. ಬೆಳಗಾದರೆ ಅದೇ ನೀರಿನಲ್ಲಿ ಅಕ್ಕಿ ತೊಳೆದು, ಪಾತ್ರೆ ಬೆಳಗಿ, ಉಳಿದದ್ದನ್ನು ಕರಿಬೇವಿನ ಬುಡಕ್ಕೆ ಹಾಕುವುದು. ತಣ್ಣೀರಿನ ಕಡೆ ಮಾತ್ರವಲ್ಲ, ಬಿಸಿನೀರಿನ ಕಡೆಯನ್ನೂ ಸ್ವಲ್ಪ ಬಿಡಬೇಕು. ಇರುಳು ನಿಂತ ಬಿಸಿನೀರಿನ ಪೈಪೂ ತಣ್ಣಗಾಗಿಯೇ ಹೋಗುತ್ತದೆ. ಬಿಸಿನೀರನ್ನೂ ಸೋರಿಸುವುದೇ ಎಂದು ಕೇಳಿದಾಗ ಅವರ ಮುಖ ನೀವು ನೋಡಬೇಕಿತ್ತು.

ಯಾವಾಗ ತೆರೆಯಬೇಕು ಎಂಬುದಕ್ಕೂ ಆ ಸಂಶೋಧಕರು ಒಂದು ಗುರುತು ಕೊಟ್ಟಿದ್ದಾರೆ. ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಮೈನಸ್ 7 ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ಎಚ್ಚರವಾಗಿರಿ. ಅದು ಹೊದಿಕೆಯಿಲ್ಲದೆ ಅಟ್ಟದಲ್ಲಿ ಬಿದ್ದಿರುವ ಪೈಪಿನ ಲೆಕ್ಕ. ಚಳಿನಾಡಿನ ಮನೆಗಳಲ್ಲಿ ಪೈಪುಗಳು ಒಳಗೋಡೆಗಳಲ್ಲೇ ಓಡಾಡುವುದರಿಂದ ಇನ್ನೂ ಕೆಳಗಿಳಿದರೂ ತಡೆದುಕೊಳ್ಳುತ್ತವೆ. ಎಲ್ಲ ನಲ್ಲಿಯನ್ನೂ ಎಲ್ಲ ರಾತ್ರಿಯೂ ಬಿಡುವುದು ಶುದ್ಧ ದಂಡ. ಹೊರಗೋಡೆಯ ಸಿಂಕು, ಗರಾಜಿನ ಮೇಲಿರುವ ಬಾತ್‌ರೂಮು, ಇಂಥವನ್ನು ನೋಡಿಕೊಂಡರೆ ಸಾಕು.

ನಮ್ಮ ಮನೆಯವರ ಪ್ರಶ್ನೆ ವಿಂಡ್‌ಚಿಲ್‌ದು. ಟಿವಿಯವನು "ಮೈನಸ್ 40ರ ಹಾಗೆ ಅನ್ನಿಸುತ್ತದೆ" ಎಂದ ಕೂಡಲೇ ಪೈಪಿಗೂ ಹಾಗೇ ಅನ್ನಿಸುತ್ತದೆ ಎಂದು ಇವರು ಗಾಬರಿಯಾಗುತ್ತಾರೆ. ಪೈಪಿಗೆ ಏನೂ ಅನ್ನಿಸುವುದಿಲ್ಲ ರೀ. ವಿಂಡ್‌ಚಿಲ್ ನಮ್ಮ ಚರ್ಮದ ಲೆಕ್ಕ. ಗಾಳಿ ಎಷ್ಟೇ ಬೀಸಿದರೂ ಪೈಪು ಗಾಳಿಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಯಲಾರದು. ಬೇಗ ಇಳಿಯುತ್ತದೆ, ಅಷ್ಟೇ. ನಿಜವಾದ ವೈರಿ ಸಂದು. ಕೇಬಲ್ ಹುಡುಗ ಗೋಡೆ ಕೊರೆದು ಮುಚ್ಚದೇ ಹೋದ ತೂತು, ಅಡಿಪಾಯದ ಮೇಲೆ ಮರದ ತೊಲೆ ಕೂರುವಲ್ಲಿನ ಬಿರುಕು. ಅಲ್ಲಿಂದ ಎಳೆಯಷ್ಟು ಗಾಳಿ ನುಗ್ಗಿ ಒಂದೇ ಕಡೆ ಪೈಪಿಗೆ ಬಡಿಯುತ್ತಿದ್ದರೆ ಸಾಕು. ಪೈಪಿಗೆ ಹೊದಿಸುವುದಕ್ಕಿಂತ ಮೊದಲು ಅದನ್ನು ಮುಚ್ಚಬೇಕೆಂಬುದು ನನ್ನ ವಾದ. ಗಾಳಿ ಬಿದ್ದ ದಿನ ಬೇಸ್‌ಮೆಂಟಿನ ಗೋಡೆಯ ತುದಿಯಲ್ಲಿ ಒಂದು ಊದಿನಕಡ್ಡಿ ಹಿಡಿದುಕೊಂಡು ನಡೆಯಿರಿ, ಹೊಗೆ ವಾಲುವ ಕಡೆ ಸಂದು ಇದೆ. ನಮ್ಮ ಮನೆಯಲ್ಲಂತೂ ಊದಿನಕಡ್ಡಿಗೆ ಕೊರತೆಯಿಲ್ಲ.

ಆದರೆ ಗಂಡಸರಿಗೆ ಸಂದು ಮುಚ್ಚುವುದರಲ್ಲಿ ಗಮ್ಮತ್ತಿಲ್ಲ. ಅದಕ್ಕೆ ಬೇಕಾದ್ದು ಒಂದು ಟ್ಯೂಬ್ ಮುಲಾಮಿನಂಥದ್ದು ಮತ್ತು ಬೆನ್ನು ಬಗ್ಗಿಸುವ ಮನಸ್ಸು. ಅಂಗಡಿಗೆ ಹೋದವರು ಅದನ್ನು ಬಿಟ್ಟು ಬೇರೆಲ್ಲ ತಂದರು. ಸೀಳಿರುವ ಕಪ್ಪು ಫೋಮ್ ಕೊಳವೆಗಳು ಒಂದು ಕಟ್ಟು. ಕರೆಂಟಿನಲ್ಲಿ ಬಿಸಿಯಾಗುವ ಹೀಟ್ ಕೇಬಲ್ ಒಂದು ಸುರುಳಿ. ಮೂಲೆಗೆ ಎಲ್ಬೋ ಆಕಾರದವು ಬೇರೆ. ಫೋಮ್ ಹಾಕುವುದು ತಪ್ಪೇನಲ್ಲ, ಅಗ್ಗವೂ ಹೌದು. ಆದರೆ ಫೋಮಿಗೆ ಸ್ವಂತ ಶಾಖವಿಲ್ಲ. ಇದ್ದ ಬಿಸಿ ಹೋಗುವುದನ್ನು ನಿಧಾನ ಮಾಡುತ್ತದೆ. ಮೂರು ದಿನ ಮೈನಸ್ಸಿನಲ್ಲೇ ಇರುವ ಜಾಗದಲ್ಲಿ ನಿಂತ ನೀರನ್ನು ಅದು ಕಾಪಾಡಲಾರದು. ಅಲ್ಲಿಗೆ ಹೀಟ್ ಕೇಬಲ್ಲೇ ಬೇಕು. ಅದರ ಜೊತೆ ಬರುವ ಚೀಟಿ ಓದಬೇಕು ಎಂಬುದು ನನ್ನ ಪಕ್ಷ, ಓದಬೇಕಾಗಿಲ್ಲ ಎಂಬುದು ಅವರ ಪಕ್ಷ. ಸಾಮಾನ್ಯ ಕೇಬಲ್ಲನ್ನು ಪೈಪಿಗೆ ಸುತ್ತುವಾಗ ಒಂದರ ಮೇಲೊಂದು ಹಾಯಿಸಿದರೆ ಅಲ್ಲಿ ಕಾದು ಬೆಂಕಿಯೇ ಹತ್ತಬಹುದು. ನೀರು ನುಗ್ಗುವುದನ್ನು ತಪ್ಪಿಸಲು ಹೋಗಿ ಬೆಂಕಿ ಅನುಗ್ರಹಿಸಿಕೊಂಡ ಮನೆಗಳು ಈ ದೇಶದಲ್ಲಿ ಬೇಕಾದಷ್ಟಿವೆ.

ಏನೂ ಖರ್ಚಿಲ್ಲದ ಉಪಾಯ ಸಿಂಕಿನ ಕೆಳಗಿನ ಬಾಗಿಲು ತೆರೆದಿಡುವುದು. ಮನೆಯ ಬೆಚ್ಚನೆಯ ಗಾಳಿ ಪೈಪಿನವರೆಗೆ ಹೋಗುತ್ತದೆ. ಇದರ ತೊಂದರೆ ಬೇರೆ ತರಹದ್ದು. ನಮ್ಮ ಸಿಂಕಿನ ಕೆಳಗೆ ಏನೇನಿರುತ್ತದೆ ಎಂದು ನಿಮಗೆ ಗೊತ್ತು. ಮಡಚಿ ಮಡಚಿ ತುರುಕಿದ ಇಂಡಿಯನ್ ಅಂಗಡಿಯ ಪ್ಲಾಸ್ಟಿಕ್ ಚೀಲಗಳ ಚೀಲ. ಮೊಸರಿನ ಖಾಲಿ ಡಬ್ಬಗಳ ಗೋಪುರ. ಕರಿದ ಎಣ್ಣೆ ತುಂಬಿದ ಬಾಟಲಿ. ಊರಿಂದ ತಂದ ತೆಂಗಿನ ನಾರಿನ ಗುಂಜು. ನಮ್ಮ ಸಂಸಾರದ ಗುಟ್ಟೆಲ್ಲ ಅಲ್ಲಿದೆ. ಎಂಥ ಚಳಿಯ ರಾತ್ರಿಯೂ ಯಾರಾದರೂ ಊಟಕ್ಕೆ ಬರುತ್ತಾರೆಂದರೆ ನಾನು ಆ ಬಾಗಿಲು ಮುಚ್ಚಿ, ಅವರು ಹೋದ ಮೇಲೆ ತೆರೆಯುತ್ತೇನೆ. ಪೈಪು ಒಡೆದರೆ ಒಡೆಯಲಿ, ಮಾನ ಒಡೆಯಬಾರದು.

ಇಷ್ಟೆಲ್ಲ ಪರಿಪಾಟಲು ನಮಗೆ ಮಾತ್ರ, ಟೆಕ್ಸಸ್‌ನಲ್ಲಿರುವವರು ಪುಣ್ಯವಂತರು ಎಂದು ಬಹಳ ದಿನ ಅಂದುಕೊಂಡಿದ್ದೆ. ಡಲ್ಲಾಸ್‌ನಲ್ಲಿರುವ ನಮ್ಮ ಚಿಕ್ಕಮ್ಮನ ಮಗಳು ಪ್ರತಿ ಜನವರಿಯಲ್ಲೂ ಹಿತ್ತಲಲ್ಲಿ ಕಾಫಿ ಕುಡಿಯುವ ಫೋಟೋ ಕಳಿಸುತ್ತಿದ್ದಳು, ಕೆಳಗೊಂದು ನಗುಮುಖ. 2021ರ ಫೆಬ್ರುವರಿಯಲ್ಲಿ ಫೋಟೋ ನಿಂತಿತು. ಅದೇ 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಫ್ಯಾರನ್‌ಹೀಟ್, ಮೈನಸ್ 19 ಸೆಲ್ಸಿಯಸ್ ಅನ್ನಿ. ನಮಗೆ ಅದು ದೊಡ್ಡದಲ್ಲ. ಅವರ ಮನೆಗಳನ್ನು ಕಟ್ಟಿರುವುದು ಸೆಕೆಗೆ. ಬೇಸ್‌ಮೆಂಟ್ ಇಲ್ಲ, ನೀರಿನ ಪೈಪುಗಳು ಎಷ್ಟೋ ಕಡೆ ಅಟ್ಟದ ಮೇಲೆ ಹೊದಿಕೆಯ ಹೊರಗೇ ಹಾಯುತ್ತವೆ. ಮೇಲೆ ಕರೆಂಟೂ ಹೋಯಿತು. ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಕರೆಂಟಿಲ್ಲದೆ ಹೀಟಿಂಗ್ ಇಲ್ಲ, ಹೀಟಿಂಗ್ ಇಲ್ಲದೆ ಪೈಪಿಲ್ಲ. ಮಂಜು ಕರಗಿದ ದಿನ ಊರಿಗೆ ಊರೇ ತಾರಸಿಯಿಂದ ಸುರಿಯಿತು. ಪ್ಲಂಬರ್‌ಗಳು ಸಾಲದೆ ಬೇರೆ ರಾಜ್ಯಗಳಿಂದ ಬಂದರು. ಜನ ಹಿಮವನ್ನು ಬಕೆಟ್ಟಿಗೆ ತುಂಬಿ ಕರಗಿಸಿ ಟಾಯ್ಲೆಟ್ಟಿಗೆ ಹಾಕಿದರು. ನಮ್ಮ ಹುಡುಗಿ ಮಾತ್ರ ಮುಂಚಿನ ದಿನವೇ ಮದುವೆಗೆ ಕೊಟ್ಟ ಕೊಳದಪ್ಪಲೆಯಿಂದ ಹಿಡಿದು ಇಡ್ಲಿ ಪಾತ್ರೆಯವರೆಗೆ ಎಲ್ಲಕ್ಕೂ ನೀರು ಹಿಡಿದಿಟ್ಟಿದ್ದಳಂತೆ. ನೀರು ಬರುವುದಿಲ್ಲ ಎಂಬ ನಮ್ಮ ಹಳೆಯ ಭಯ ಅಲ್ಲಿ ಕೆಲಸಕ್ಕೆ ಬಂತು ನೋಡಿ. ಆ ಬೀದಿಯಲ್ಲೇ ಸಾಂಗವಾಗಿ ಕಾಫಿ ಕುಡಿದ ಮನೆ ಅವಳದೊಂದೇ ಎಂದು ಈಗಲೂ ಜಂಬ ಕೊಚ್ಚುತ್ತಾಳೆ.

ಕೊನೆಯ ಮತ್ತು ಅತಿ ದೊಡ್ಡ ಅಂಕ ಊರಿಗೆ ಹೋಗುವುದು. ಡಿಸೆಂಬರಿನಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ. ಧನುರ್ಮಾಸ, ಒಂದು ಮದುವೆ ಮುಂಜಿ ಸಿಕ್ಕುವುದಿಲ್ಲ, ಟಿಕೆಟ್ಟಿನ ಬೆಲೆ ಮುಗಿಲು ಮುಟ್ಟಿರುತ್ತದೆ. ಆದರೂ ಮಕ್ಕಳ ರಜೆ ಆಗಲೇ, ಸೊಗಡಿನ ಅವರೆ ಬರುವುದೂ ಆಗಲೇ. ಸೂಟ್‌ಕೇಸಿನ ತೂಕವನ್ನು ನಾವು ಬಚ್ಚಲ ತಕ್ಕಡಿಯ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ನೋಡುತ್ತೇವೆ. ಮನೆಯ ನೀರಿನ ಯೋಚನೆ ಬರುವುದು ಟ್ಯಾಕ್ಸಿ ಬಂದು ನಿಂತಾಗ.

ಆಗ ಒಂದು ಜಗಳ ಆಗಲೇಬೇಕು. "ಯಾರೂ ಇಲ್ಲದ ಮನೆಗೆ ಹೀಟಿಂಗ್ ಯಾಕೆ? ನಲವತ್ತಕ್ಕೆ ಇಳಿಸ್ತೀನಿ" ಎಂದು ಇವರು. ಐವತ್ತೈದಕ್ಕಿಂತ ಕೆಳಗೆ ಇಳಿಸಬಾರದೆಂದು ನಾನು. 55 ಫ್ಯಾರನ್‌ಹೀಟ್ ಎಂದರೆ 13 ಸೆಲ್ಸಿಯಸ್. ಅದು ಹಾಲಿನ ಗೋಡೆಯ ಥರ್ಮೋಸ್ಟಾಟ್ ತೋರಿಸುವ ಅಂಕಿ. ಹೊರಗೋಡೆಯೊಳಗೆ ಪೈಪು ಇರುವಲ್ಲಿ ಇನ್ನೂ ಎಷ್ಟೋ ಕಡಿಮೆ. ನಲವತ್ತಕ್ಕೆ ಇಟ್ಟರೆ ಹಾಲು ನೆಟ್ಟಗಿರುತ್ತದೆ, ಪೈಪು ನೆಟ್ಟಗಿರುವುದಿಲ್ಲ. ವಿಮೆಯವರ ಕಾಗದದಲ್ಲೂ ಸಾಮಾನ್ಯವಾಗಿ ಇದೇ ತಕರಾರು: ಖಾಲಿ ಮನೆಯಲ್ಲಿ ಪೈಪು ಹೆಪ್ಪುಗಟ್ಟಿ ಒಡೆದರೆ, ಮನೆಯನ್ನು ಬೆಚ್ಚಗಿಟ್ಟಿದ್ದಿರಾ, ಇಲ್ಲವೇ ನೀರು ನಿಲ್ಲಿಸಿ ಖಾಲಿ ಮಾಡಿದ್ದಿರಾ ಎಂದು ಕೇಳುತ್ತಾರೆ. ನಾನು ಎರಡನ್ನೂ ಮಾಡಿಸುತ್ತೇನೆ. ಮುಖ್ಯ ವಾಲ್ವ್ ಮುಚ್ಚಿ, ಮೇಲಿನ ಮಹಡಿಯದೊಂದು ಮತ್ತು ಬೇಸ್‌ಮೆಂಟಿನದೊಂದು ನಲ್ಲಿ ತೆರೆದು, ಟಾಯ್ಲೆಟ್ಟುಗಳನ್ನು ಒಮ್ಮೆ ಫ್ಲಶ್ ಮಾಡಿ, ಬಿಸಿನೀರಿನ ಹೀಟರನ್ನು ರಜೆಯ ಗುರುತಿಗೆ ತಿರುಗಿಸಿ ಹೊರಡುವುದು. ವಾಲ್ವ್ ಮುಚ್ಚಿದ್ದರೆ, ಕರೆಂಟು ಹೋಗಿ ಪೈಪು ಒಡೆದರೂ ಸುರಿಯಲು ಊರ ನೀರು ಸಿಕ್ಕುವುದಿಲ್ಲ.

ಒಂದು ವರ್ಷ ಇವರು ಎಲ್ಲೋ ಓದಿಕೊಂಡು ಬಂದು ಹೀಟಿಂಗ್ ಪೂರ್ತಿ ನಿಲ್ಲಿಸಿಯೇ ಹೋಗೋಣವೆಂದರು. ಕಾಡಿನ ಕ್ಯಾಬಿನ್‌ಗಳವರು ಹಾಗೆ ಮಾಡುತ್ತಾರೆ, ನಿಜ. ಪೈಪುಗಳನ್ನೆಲ್ಲ ಬರಿದು ಮಾಡಿ, ಸಿಂಕಿನ ಬಾಗು ಕೊಳವೆಗೂ ಟಾಯ್ಲೆಟ್ಟಿಗೂ ಗುಲಾಬಿ ಬಣ್ಣದ ದ್ರವ ಸುರಿದು ಬೀಗ ಹಾಕುತ್ತಾರೆ. ಅದು ಮನೆಗಳಿಗೆಂದೇ ಇರುವ ಹೆಪ್ಪುನಿರೋಧಕ. ಕಾರಿಗೆ ಹಾಕುವ ಹಸಿರು ದ್ರವ ವಿಷ, ಅದರ ಹತ್ತಿರ ಹೋಗಬಾರದು. ನಮ್ಮ ದೇಶದಲ್ಲೂ ಲೇಹ್‌ನ ಎಷ್ಟೋ ಅತಿಥಿಗೃಹಗಳು ಚಳಿಗಾಲಕ್ಕೆ ನಲ್ಲಿಯ ನೀರನ್ನೇ ನಿಲ್ಲಿಸಿ ಬಕೆಟ್ಟಿನಲ್ಲಿ ಕೊಡುತ್ತವೆ. ಅವರಿಗೆ ಗೊತ್ತು, ಇವರಿಗೆ ಗೊತ್ತಿಲ್ಲ. ವಾಲ್ವ್ ಹುಡುಕಲು ಪ್ರದಕ್ಷಿಣೆ ಹಾಕುವವರ ಕೈಗೆ ಇಡೀ ಮನೆಯ ಪೈಪು ಬರಿದು ಮಾಡುವ ಕೆಲಸ ಕೊಟ್ಟು ನಾನು ವಿಮಾನದಲ್ಲಿ ಕಣ್ಣು ಮುಚ್ಚಲೇ? ಬೀಗದ ಕೈಯನ್ನು ಪೋಲಿಷ್ ಅಜ್ಜನಿಗೆ ಕೊಟ್ಟು ಬಂದೆ. ಅವರು ದಿನ ಬಿಟ್ಟು ದಿನ ಒಳಗೆ ಹೋಗಿ, ಥರ್ಮೋಸ್ಟಾಟ್ ನೋಡಿ, ನಮಗೆ ಅಂಕಿ ಮಾತ್ರ ಕಳಿಸುತ್ತಾರೆ: "56". ಸಂಭಾವನೆ ಒಂದು ಡಬ್ಬ ಚಕ್ಕುಲಿ, ವಾಪಸು ಬಂದ ಮೇಲೆ ಮತ್ತೊಂದು.

ಇಷ್ಟಾಗಿಯೂ ಒಂದು ಬೆಳಗ್ಗೆ ನಲ್ಲಿ ತಿರುಗಿಸಿದಾಗ ನೀರು ಬರದೇ ಹೋದರೆ, ಅಥವಾ ಬಂದರೂ ಎಳೆಯಷ್ಟೇ ಬಂದರೆ, ಒಳಗೆಲ್ಲೋ ಬಿರಡೆ ಕೂತಿದೆ ಎಂದು ತಿಳಿಯಿರಿ. ಆ ನಲ್ಲಿಯನ್ನು ತೆರೆದೇ ಇಡಿ. ಹೇರ್ ಡ್ರೈಯರ್ ತಂದು ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ನಡುವೆ ಕಾಯಿಸಿದರೆ ಕರಗಿದ ನೀರು ಎರಡು ಗಡ್ಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬೆಂಕಿಯ ಜ್ವಾಲೆ ಉಗುಳುವ ಟಾರ್ಚನ್ನು ಮಾತ್ರ ಹತ್ತಿರ ತರಬೇಡಿ, ಗೋಡೆಯೊಳಗಿರುವುದು ಒಣ ಮರ. ನಮ್ಮ ಮನೆಯಲ್ಲಿ ಹೇರ್ ಡ್ರೈಯರ್ ಹಿಡಿಯುವ ಕೆಲಸ ಇವರದು. ತಲೆಯ ಮೇಲೆ ಕೂದಲಿಲ್ಲದ ಮೇಲೆ ಅವರಿಗೂ ಅದರಿಂದ ಒಂದು ಉಪಯೋಗವಾಗಲಿ.

ಇನ್ನು ಏಪ್ರಿಲ್. ಹೊರಗಿನ ನಲ್ಲಿಯನ್ನು ಮೊದಲ ಸಲ ತೆರೆಯುವಾಗ ಇಬ್ಬರು ಬೇಕು. ಹೊರಗಿನವರು ನಲ್ಲಿ ತಿರುಗಿಸಿ, ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಪೈಪು ಸರಿಯಿದ್ದರೆ ನೀರಿನ ರಭಸ ಹೆಬ್ಬೆರಳನ್ನು ತಳ್ಳಿಹಾಕಿ ಅಂಗಿಯನ್ನು ತೋಯಿಸುತ್ತದೆ. ಹೆಬ್ಬೆರಳಿಗೆ ನೀರು ಸುಲಭವಾಗಿ ನಿಂತಿತೋ, ಅದಕ್ಕೆ ಒಳಗೆ ಬೇರೆ ದಾರಿ ಸಿಕ್ಕಿದೆ ಎಂದರ್ಥ. ಬೇಸ್‌ಮೆಂಟಿನಲ್ಲಿ ಟಾರ್ಚ್ ಹಿಡಿದು ನಿಂತವರು ನೀರು ಕಂಡ ಕೂಡಲೇ ಹೊರಗಿನವರಿಗೆ ಕೇಳುವ ಹಾಗೆ ಕಿರುಚಬೇಕು. ನಮ್ಮಲ್ಲಿ ಹೆಬ್ಬೆರಳು ಅವರದು. ಕಿರುಚುವ ಭಾಗ ನನಗೆ ಬಂದಿದೆ, ಅಭ್ಯಾಸ ಚೆನ್ನಾಗಿದೆ ಎಂದು ಅವರೇ ಹಂಚಿಕೊಟ್ಟದ್ದು.